ತುಂಬಿದ ಬಾಟಲಿ

ಫಾರ್ಮಿನ್ಯಾಗ ಹದಿನೇಳು ಪ್ರಶ್ನಿ ಅವ.
ಸಾಹೇಬ್ರು ಒಂದೊಂದೇ ಓದ್ತಾರ, ನಾ ಹೂಂ ಅಂತೀನಿ,
ಪೆನ್ನು ಟಿಕ್ ಹಾಕ್ತದ.
ಮಕ್ಕಳೆಷ್ಟು? ಮೂವತ್ತೊಂದು.
ಕುಡಿಯೋ ನೀರು? ಅದ. ಕ್ಯಾನಿಗಿ ಹಸಿ ಗೋಣಿಚೀಲ ಸುತ್ತೀನಿ.
ಫ್ಯಾನು? ಅದ. ಕರೆಂಟ್ ಇದ್ದಾಗ ತಿರಗ್ತದ.
ಔಷಧ ಪೆಟ್ಟಿಗಿ? ಅದ. ಕೀಲಿ ಹೆಡ್ ಮಾಸ್ತರ್ ಜೇಬಿನ್ಯಾಗ,
ಮಾಸ್ತರು ಸೇಡಂದಾಗ, ಮದುವಿಗಿ.
ಅದನ್ನ ಅವರು ಬರಕೊಳ್ಳಲಿಲ್ಲ.
ಸಂಡಾಸ?

ಅದ ಅಂದೆ. ಟಿಕ್ ಬಿತ್ತು.
ಅಲ್ಲೇ ನನ್ನ ನಾಲಗಿ ತೊಡರಿತು.

ಶಹಾಬಾದದ ಮೇ ತಿಂಗಳು. ಫರಸಿ ಮ್ಯಾಲ ಬರಿಗಾಲಿಟ್ರ
ಹಂಚಿಗಿ ಬಿದ್ದ ರೊಟ್ಟಿ ಆಗ್ತದ ಅಂಗಾಲು.
ರಜಾ ಬಂತಂದ್ರ ಹುಡುಗರು ಖಣಿಗಿ ಓಡ್ತಾರ,
ಕಲ್ಲು ತಗದು ಬಿಟ್ಟ ಹೊಂಡದಾಗ
ಹಸರು ನೀರು, ತಳ ಕಂಡವರಿಲ್ಲ.
ಹೋದ ವರ್ಷ ಅಂಬುಬಾಯಿ ಮಗ ಹೋದ.
ದಂಡಿ ಮ್ಯಾಲ ಚಪ್ಪಲಿ ಜೋಡಿ, ನೆಟ್ಟಗ,
ಗುಡಿ ಮುಂದ ಬಿಟ್ಟಂಗ.
ಅದಕ್ಕಂತೇ ಈ ಶಿಬಿರ, ಈ ಬಣ್ಣದ ಕಾಗದ, ಈ ಕೇರಂ ಬೋರ್ಡು,
ಅದಕ್ಕಂತೇ ನಾನು.

ಮುಂಜಾನಿ ಎಣಸ್ತೀನಿ, ಊಟಕ್ಕ ಎಣಸ್ತೀನಿ,
ಆಟ ಮುಗದ ಮ್ಯಾಲ ಎಣಸ್ತೀನಿ,
ರಾತ್ರಿ ಗೋಡಿಕಡಿ ಮಾರಿ ಮಾಡಿ ಮಲಗಿ
ಮತ್ತ ಎಣಸ್ತೀನಿ. ಮೂವತ್ತೊಂದು ಬಂದ್ರ ನಿದ್ದಿ.

ಎಣಿಕಿ ಯಾವತ್ತೂ ತಪ್ಪಿಲ್ಲ.

ಸಂಜಿ ಚೀಲ ಎತ್ತಿ ಹೆಗಲಿಗಿ ಹಾಕೂದು ನನ್ನ ಕೆಲಸ.
ಎಲ್ಲಾರ ಬಾಟಲಿ ಹಗುರ, ಒಳಗ ಎರಡು ಗುಟುಕು
ಗುಳುಗುಳು ಅಂತಾವ.
ಮುಬೀನಾನ ಚೀಲ ಮಾತ್ರ ವಜ್ಜ.
ಒಂದಿನ ಬಿಟ್ಟೆ. ಎರಡನೇ ದಿನಾನೂ ಬಿಟ್ಟೆ.
ಮೂರನೇ ದಿನ ಮುಚ್ಚಳ ತಗದೆ:
ಅವರಮ್ಮಿ ತುಂಬಿ ಕೊಟ್ಟ ನೀರು
ಕಂಠದ ತನಕ ಹಂಗೇ, ಚಹಾದಂಗ ಕಾದಿತ್ತು.

ಎಂಟು ವರ್ಷದ ಹುಡುಗಿ. ತುಟಿ ಮ್ಯಾಲ ಬಿಳಿ ಪದರು.
ಯಾಕವ್ವ ಅಂದೆ. ನೆಲ ನೋಡಿದಳು.
ಬೈಲಿಲ್ಲ. ಬಾಜೂಕ ಕುಂತು ಅಕಿ ಜಡಿ ಬಿಚ್ಚಿ ಮತ್ತ ಹೆಣದೆ.
ಅರ್ಧ ಜಡಿಗಿ ಬಂದಾಗ ಮಾತು ಬಂತು:
ಕುಡದ್ರ ಹೋಗಬೇಕಾಗ್ತದ.
ಅಲ್ಲಿ ಕದಕ್ಕ ಚಿಲಕಿಲ್ಲ.
ದೊಡ್ಡ ಹುಡುಗರು ಒದ್ದು ತಗೀತಾರ, ನಗ್ತಾರ.

ಆ ಕದ ದಿನಾ ನಾನೇ ತೊಳೀತಿದ್ದೆ,
ಫಿನಾಯಿಲ್ ಹಾಕಿ, ಕೈ ಉರಿಯೂ ತನಕ.
ಚಿಲಕ ಕಿತ್ತ ಜಾಗದಾಗ ನಾಕು ತೂತು ಕಂಡಿದ್ದೆ.
ತೂತು ಅಂತ ಕಂಡಿದ್ದೆ, ಅಷ್ಟೇ.

ಸಾಹೇಬ್ರ, ಆ ಟಿಕ್ ಜರಾ ಅಳಸ್ರಿ, ಅಂದೆ.
ಪೆನ್ನಿಂದು, ಅಳಸಲಿಕ್ಕ ಬರಲ್ಲ, ಅಂದರು.
ಕೆಟ್ಟವರಲ್ಲ. ಇನ್ನೂ ನಾಕು ಸಾಲಿಗಿ ಹೋಗೂದಿತ್ತು,
ಹೊರಗ ಜೀಪು ಹಾರ್ನ್ ಹೊಡೀತಿತ್ತು.
ಅಂಚಿನ್ಯಾಗ ಸಣ್ಣಗ ಬರದರು: ಚಿಲಕ.
ಮುಂದ ಒಂದು ಪ್ರಶ್ನಿ ಚಿನ್ಹಾ ಇಟ್ಟರು.

ಬಜಾರದಾಗ ಚಿಲಕ ಮೂವತ್ತೈದು ರೂಪಾಯಿ.
ಬಡಿಗ್ಯಾರ ಮೋನಪ್ಪ ಹಳೇ ತೂತಿಗಿ ಹಚ್ಚಿ ಹಿಡದ.
ನನ್ನ ಗದ್ದದ ಸಮಕ್ಕ ಬಂತು.
ಮುಬೀನಾ ಬಂದು ಕೈ ಎತ್ತಿದಳು. ತುದಿಗಾಲ ಮ್ಯಾಲ ನಿಂತಳು.
ನಿಲುಕಲಿಲ್ಲ.
ಕಿತ್ತಿದ್ದು ಈಗ. ನಿಲುಕದೇ ಇದ್ದದ್ದು ಸಾಲಿ ಕಟ್ಟಿದಾಗಿಂದ.
ಮೋನಪ್ಪ, ಕೆಳಗ ಇಳಸಪ್ಪ, ಅಂದೆ.
ಎಷ್ಟು ಕೆಳಗ?
ಅಕಿ ತನ್ನ ಎದಿ ಮುಟ್ಟಿಕೊಂಡು ತೋರಿಸಿದಳು.

ಮಧ್ಯಾಹ್ನ ಒಳಗಿಂದ ಖಟ್ ಅಂತು.
ನಾ ಹೊರಗ ಬಕೀಟು ಹಿಡಕೊಂಡು ನಿಂತಿದ್ದೆ,
ಸುಮ್ಮ, ಕಾವಲಿಗಿ ಅಂತಲ್ಲ.

ದೊಡ್ಡ ಹುಡುಗರ ಕೂಡ ಮಾತಾಡೂದದ.
ಪೆಟ್ಟಿಗಿ ಕೀಲಿ ಸೇಡಂದಿಂದ ಇನ್ನೂ ಬಂದಿಲ್ಲ.
ಈಗ ಸಂಜಿ ಎರಡು ಸಲ ಎಣಸ್ತೀನಿ:
ಒಂದು ಸಲ ತಲಿ,
ಒಂದು ಸಲ ಬಾಟಲಿ ಎತ್ತಿ ನೋಡಿ.